ನಲವತ್ತೆಂಟನೆಯ ಬಿಲ್ಲೆ

ಹಿತ್ತಾಳೆಯ ಕೀಲಿ ಎರಡು ಸುತ್ತು ತಿರುಗಿತು. ಆಲ್ಬಿನಾ ಕೊಶೀರ್ ಊರುಗೋಲನ್ನು ಗೋಡೆಗೆ ಒರಗಿಸಿ, ಬಿಳಿಯ ಹತ್ತಿಯ ಕೈಗವಸು ತೊಟ್ಟು, ಸೊಂಟದೆತ್ತರದ ಆ ಓಕ್ ಮರದ ಬೀರುವಿನ ಬಾಗಿಲನ್ನು ದೇವರ ಪೆಟ್ಟಿಗೆ ತೆರೆಯುವಷ್ಟು ಭಯಭಕ್ತಿಯಿಂದ ತೆರೆದಳು. ಎಪ್ಪತ್ತೊಂದು ವರ್ಷದ ಆ ಮುಖದಲ್ಲಿ ಅಪರೂಪಕ್ಕೆ ಒಂದು ನಗು ಇತ್ತು.

"ನೋಡ್ಕೊಳ್ಳಿ ಮೇಡಂ! ಹನ್ನೊಂದು ವರ್ಷದಿಂದ ಒಂದು ನೊಣಾನೂ ಒಳಗೆ ಹೋಗಿಲ್ಲ. ನಮ್ಮೆಜಮಾನ್ರ ಕೈಕೆಲಸ ಇದು. ಒಂದು ಮೊಳೆ ಇಲ್ಲ, ಒಂದು ಸಂದು ಇಲ್ಲ. ಇಡೀ ಕ್ಲೀವ್‌ಲ್ಯಾಂಡ್‌ನಲ್ಲಿ ಇಂಥದ್ದು ಇನ್ನೊಂದು ತೋರಿಸ್ಬಿಡಿ, ನಾನು ಈ ಅಂಗಡಿ ಮುಚ್ಬಿಡ್ತೀನಿ!"

ಶ್ರೀಮತಿ ವಿಟ್‌ಲಾಕ್ ಕನ್ನಡಕ ಏರಿಸಿಕೊಂಡು ಬಗ್ಗಿದಳು. ಅವಳ ತಂದೆ ಜೀವಮಾನವಿಡೀ ಕೂಡಿಸಿದ್ದ ನಲವತ್ತೆಂಟು ಸೀಸದ ಬಿಲ್ಲೆಗಳು, ನಾನೂರು ವರ್ಷ ಹಳೆಯ ಮುಖಗಳನ್ನು ಹೊತ್ತ ಬಿಲ್ಲೆಗಳು, ಆ ಬೀರುವಿನ ಎಂಟು ಅರೆಗಳಲ್ಲಿ ಆರಾರರಂತೆ ಮಲಗಿದ್ದವು. ಮ್ಯೂಸಿಯಮ್ಮಿನವರು ಅವುಗಳ ಪ್ರದರ್ಶನವನ್ನು ಮೂರು ವಾರ ಮುಂಚಿತವಾಗಿಯೇ ಇಡುವುದೆಂದು ಗೊತ್ತುಮಾಡಿದ್ದರಿಂದ ಅವಳು ಹೇಳದೆ ಕೇಳದೆ ಆ ಬೆಳಿಗ್ಗೆಯೇ ಬಂದುಬಿಟ್ಟಿದ್ದಳು. ಆಲ್ಬಿನಾ ಮೊದಲ ಅರೆಯನ್ನು ಎಳೆದಳು.

ಖಾಲಿ!

ಎರಡನೆಯದು... ಖಾಲಿ. ಮೂರನೆಯದನ್ನು, ನಾಲ್ಕನೆಯದನ್ನು ಒಂದರ ಹಿಂದೊಂದು ಎಳೆದಳು. ಎಂಟನೆಯದನ್ನು ಅರ್ಧಕ್ಕೇ ಎಳೆದು ನಿಂತಳು. ಮಗ ಮಿಲಾನ್ ಕೈಲಿದ್ದ ಸುತ್ತಿಗೆ ಬಿಸುಟು ಓಡಿಬಂದು ಎಳೆದ. ಅಲ್ಲಿಯೂ ಏನೂ ಇರಲಿಲ್ಲ. ಹಾಸಿದ್ದ ಹಸಿರು ಬಟ್ಟೆಯ ಮೇಲೆ ಆರು ದುಂಡು ಗುರುತು ಮಾತ್ರ.

"ಕಳ್ಳತನ..." ಆಲ್ಬಿನಾಳ ಬಾಯಿಂದ ಮಾತು ಪಿಸುಗುಟ್ಟಿದ ಹಾಗೆ ಬಂತು. "ನನ್ನ ಮನೇಲಿ ಕಳ್ಳತನ! ಕೀಲಿ ನನ್ನ ಸೊಂಟ ಬಿಟ್ಟು ಎಲ್ಲೂ ಹೋಗಿಲ್ವಲ್ಲ... ಸೊಂಟದ ಆಪರೇಷನ್ನಿಗೆ ಆಸ್ಪತ್ರೆ ಸೇರಿದ್ದಾಗ ಬಿಟ್ರೆ..."

ಅವಳು ಮೆಲ್ಲನೆ ತಿರುಗಿದಳು. ಮಿಲಾನನೂ ತಿರುಗಿದ. ಮೂಲೆಯ ಮೇಜಿನ ಹತ್ತಿರ ಹತ್ತಿಯ ಲಾಡಿ ಸುತ್ತುತ್ತಿದ್ದ ಸೊಸೆ ಓಪಲ್ ನಿಂತಲ್ಲೇ ಬಿಳಿಚಿಕೊಂಡಿದ್ದಳು. ಆ ಆರು ವಾರ ಕೀಲಿಗೊಂಚಲು ಇದ್ದದ್ದು ಅವಳ ಹತ್ತಿರ.

"ನಾನೇ ತೆಗೆದೆ ಅಮ್ಮ," ಎಂದಳು ಓಪಲ್. "ಎಲ್ಲೂ ಹೋಗಿಲ್ಲ, ಇಲ್ಲೇ ಇವೆ. ತಂದ್ಕೊಡ್ತೀನಿ... ನಲವತ್ತೇಳು ಇವೆ."

"ಎಷ್ಟು?" ಶ್ರೀಮತಿ ವಿಟ್‌ಲಾಕಳ ದನಿ ಚುರುಕಾಯಿತು.

"ನಲವತ್ತೇಳು ಮೇಡಂ. ಒಂದು ಹಾಳಾಯ್ತು. ನನ್ನ... ನನ್ನ ಕೈಯಿಂದಾನೇ ಹಾಳಾಯ್ತು. ತಪ್ಪು ಕಾಗದದಲ್ಲಿ ಸುತ್ತಿಟ್ಟಿದ್ದೆ."

ತಪ್ಪು ಕಾಗದ! ಕಲಾವಸ್ತುಗಳನ್ನು ಸುತ್ತಿ ಕಟ್ಟಿ ಕಾಯುವುದೇ ಕಸುಬಾಗಿದ್ದ ಸೇಂಟ್ ಕ್ಲೇರ್ ರಸ್ತೆಯ ಆ ಇಟ್ಟಿಗೆ ಕಟ್ಟಡದಲ್ಲಿ ಇದಕ್ಕಿಂತ ದೊಡ್ಡ ಪಾಪ ಇನ್ನೊಂದಿರಲಿಲ್ಲ. ಕದ್ದೆ ಎಂದಿದ್ದರೂ ಆಲ್ಬಿನಾ ಅಷ್ಟು ಕನಲುತ್ತಿರಲಿಲ್ಲವೇನೋ.

ಮ್ಯೂಸಿಯಮ್ಮಿನಲ್ಲಿ ಚಿತ್ರದ ಮುಂದೆ ಕತ್ತು ಓರೆ ಮಾಡಿಕೊಂಡು ನಿಲ್ಲುವ ನಮಗೆ, ಆ ಚಿತ್ರ ವರ್ಷದಲ್ಲಿ ಎಷ್ಟು ದಿನ ಗೋಡೆಯ ಮೇಲಿರುತ್ತದೆ, ಎಷ್ಟು ದಿನ ಕತ್ತಲಲ್ಲಿ ಮಲಗಿರುತ್ತದೆ ಎಂಬುದರ ಗೊಡವೆಯೇ ಇಲ್ಲ. ಕಲಾಕೃತಿಯ ಆಯುಷ್ಯದ ಬಹುಪಾಲು ಕಳೆಯುವುದು ಪೆಟ್ಟಿಗೆಯೊಳಗೆ. ಆ ಕತ್ತಲಲ್ಲಿ ಅದನ್ನು ಕಾಯುವವರು ಕೊಶೀರ್ ಕುಟುಂಬದಂಥವರು. ಇವರ ಹೆಸರನ್ನು ಯಾವ ಗೋಡೆಯ ಮೇಲೂ ಬರೆಯುವುದಿಲ್ಲ. ಹತ್ತಿ ಬಟ್ಟೆಯನ್ನು ಮೂರು ಸಲ ಕುದಿಸಿ ಗಂಜಿ ಬಿಡಿಸದೆ ಇವರು ಯಾವುದಕ್ಕೂ ತಾಗಿಸರು. ಗುಳ್ಳೆ ಪ್ಲಾಸ್ಟಿಕ್ಕಿನ ಗುಳ್ಳೆ ಚಿತ್ರದ ಕಡೆ ತಿರುಗಿದರೆ ಬಣ್ಣದ ಮೇಲೆ ಸಾವಿರ ಉಂಗುರ ಮೂಡುತ್ತವೆ ಎಂದು ಇವರಿಗೆ ಗೊತ್ತು. ಚಳಿಯಲ್ಲಿ ಬಂದ ಪೆಟ್ಟಿಗೆಯನ್ನು ಒಂದು ಹಗಲು ಒಂದು ರಾತ್ರಿ ಹಾಗೇ ಬಿಟ್ಟು, ಕೋಣೆಯ ಬಿಸುಪು ಒಗ್ಗಿದ ಮೇಲೆಯೇ ಬಿಚ್ಚುತ್ತಾರೆ. ಲಕ್ಷಾಂತರ ಬೆಲೆಯ ಜಾಡಿಯೊಂದನ್ನು ಆಲ್ಬಿನಾ ಹಾಲುಗಲ್ಲದ ಕೂಸನ್ನು ಎತ್ತಿದಂತೆ, ಅಡಿಗೆ ಒಂದು ಕೈ ಕೊಟ್ಟು ಎತ್ತುವುದನ್ನು ಕಂಡವರು ಉಸಿರು ಬಿಗಿಹಿಡಿಯುತ್ತಿದ್ದರು.

ಮನೆ ಮೇಲೆ, ಕೆಲಸದ ಕೋಣೆ ಕೆಳಗೆ. ಅಡುಗೆಮನೆಯ ಓವನ್ನು ಎರಡಕ್ಕೂ ಒಂದೇ. ಪೆಟ್ಟಿಗೆಯೊಳಗಿನ ತೇವ ಹೀರಿ ಗುಲಾಬಿ ಬಣ್ಣಕ್ಕೆ ತಿರುಗಿದ ಹರಳುಗಳನ್ನು ಮತ್ತೆ ನೀಲಿಯಾಗುವತನಕ ಅದರಲ್ಲೇ ಕಾಯಿಸಬೇಕು. ಅದರಲ್ಲೇ ಭಾನುವಾರದ ವಾಲ್‌ನಟ್ ತುಂಬಿದ ಪೊಟೀಟ್ಸಾ ರೊಟ್ಟಿಯೂ ಬೇಯಬೇಕು. ಒಂಬತ್ತು ವರ್ಷದ ಹಿಂದೆ ಹೊಸ ಸೊಸೆಯಾಗಿ ಬಂದ ಓಪಲ್ ಒಮ್ಮೆ ಹರಳಿನ ತಟ್ಟೆಗೆ ಒಂದಿಷ್ಟು ಸಕ್ಕರೆ ಉದುರಿಸಿಬಿಟ್ಟಿದ್ದಳು. ಅವತ್ತಿನಿಂದ ಶುರುವಾಯಿತು ಅತ್ತೆಯ ಬಾಯಿ.

"ಪಶ್ಚಿಮ ವರ್ಜೀನಿಯಾದ ಬೆಟ್ಟದಿಂದ ಉರುಳಿಕೊಂಡು ಬಂದೋಳು ನೀನು! ನಿಮ್ಮೂರಲ್ಲಿ ಮೊಟ್ಟೇನೂ ಹಳೇ ಪೇಪರಲ್ಲೇ ತಾನೆ ಸುತ್ತೋದು? ನಿನ್ನ ಕೈಗೆ ಚಿತ್ರ ಕೊಟ್ರೆ ಅದನ್ನೂ ಆಲೂಗಡ್ಡೆ ಚೀಲಕ್ಕೆ ತುರುಕ್ತೀಯ!"

ಓಪಲ್ ತುಟಿ ಕಚ್ಚಿಕೊಂಡು ಕಲಿತಳು. ಅತ್ತೆ ಕಲಿಸಲಿಲ್ಲ, ಅತ್ತೆಯ ಕೈಯನ್ನು ನೋಡಿ ಕಲಿತಳು. ಬಯ್ಗುಳದ ನಡುವೆಯೇ ಆ ಕೈಯ ಮೇಲೆ ಅವಳಿಗೆ ಎಂಥದ್ದೋ ಭಕ್ತಿ ಹುಟ್ಟಿಬಿಟ್ಟಿತ್ತು. ಇಷ್ಟು ಮೃದುವಾದ ಕೈ ಇರುವವಳಿಗೆ ನಾಲಿಗೆ ಮಾತ್ರ ಹೀಗೇಕೆ ಎಂದು ಅವಳು ಎಷ್ಟೋ ಸಲ ಕೇಳಿಕೊಂಡಿದ್ದಳು. ಮಿಲಾನ್ ಒಳ್ಳೆಯವನೇ, ಆದರೆ ಅಮ್ಮನ ಮುಂದೆ ಅವನ ಬಾಯಿಗೆ ಬೀಗ.

ಪೆಟ್ಟಿಗೆಗಳನ್ನು ಮ್ಯೂಸಿಯಮ್ಮಿಗೆ ತಲುಪಿಸಲು ಹೋದಾಗಲೆಲ್ಲ ಓಪಲ್ ಅಲ್ಲಿನ ದುರಸ್ತಿ ಕೋಣೆಯಲ್ಲಿ ಒಂದು ಗಳಿಗೆ ನಿಲ್ಲುತ್ತಿದ್ದಳು. ಕಳೆದ ವರ್ಷ ಅಲ್ಲಿನ ಮುದುಕ ಕೆಲಸಗಾರನೊಬ್ಬ ಅಂಗೈ ಬಿಡಿಸಿ ತೋರಿಸಿದ್ದ. ಒಂದು ಆಟದ ಸಿಪಾಯಿ, ಸೀಸದ್ದು, ಅರ್ಧ ಮೈ ಬಿಳಿ ಹಿಟ್ಟಾಗಿತ್ತು. "ಯಾರೋ ಪಾಪ, ಜೋಪಾನವಾಗಿರಲಿ ಅಂತ ಒಳ್ಳೇ ಓಕ್ ಪೆಟ್ಟಿಗೇಲಿ ಇಟ್ಟಿದ್ರು ಕಣಮ್ಮ. ಮುಚ್ಚಿದ ಜಾಗದಲ್ಲಿ ಓಕ್ ಮರ ಹುಳಿ ಆವಿ ಬಿಡ್ತದೆ. ಬೇರೆ ಎಷ್ಟೋ ವಸ್ತುಗೆ ಏನೂ ಆಗಲ್ಲ, ಸೀಸ ಮಾತ್ರ ಉಳಿಯಲ್ಲ. ಸಂದಿಲ್ಲದ ಪೆಟ್ಟಿಗೆ ಆದ್ರಂತೂ ಮುಗೀತು."

ಸಂದಿಲ್ಲದ ಪೆಟ್ಟಿಗೆ! ಓಪಲ್‌ಗೆ ಮನೆಯ ಬೀರು ಕಣ್ಣಿಗೆ ಕಟ್ಟಿತು. ಮಾವ ಲುಡ್ವಿಕ್ ಸಾಯುವ ಮುಂಚಿನ ಚಳಿಗಾಲವಿಡೀ ಕೂತು ಮಾಡಿದ ಕೊನೆಯ ಕೆಲಸ ಆ ಬೀರು. ಅವನು ಹೋದ ಮೇಲೆ ಅತ್ತೆ ಅದನ್ನು ಒಮ್ಮೆಯೂ ತೆರೆದಿರಲಿಲ್ಲ. ಮುಟ್ಟದೆ ಇರುವುದೇ ಕಾಪಾಡುವುದು ಎಂಬುದು ಆ ಮನೆಯ ಕಸುಬಿನ ನಿಯಮ. ಪ್ರತಿ ವರ್ಷ ಸತ್ತವರ ಹಬ್ಬದ ದಿನ, ಗೋರಿಗೆ ಹೂವಿಟ್ಟು ಬಂದು, ಆ ಬೀರುವಿನ ಹೊರಮೈಗೂ ಬಾಗಿಲಂಚಿಗೂ ಅಗಸೆ ಎಣ್ಣೆ ತಿಕ್ಕುತ್ತಿದ್ದಳು.

ಭಾನುವಾರದ ಊಟಕ್ಕೆ ಕೂತಾಗ ಓಪಲ್ ಹೆದರುತ್ತಲೇ ಮುದುಕ ಹೇಳಿದ ವಿಷಯ ತೆಗೆದಳು. "ಅಮ್ಮ, ಒಂದ್ಸಲ ತೆಗೆದು ನೋಡೋಣ್ವಾ? ಬರೀ ನೋಡೋದು..." ಮಾತು ಮುಗಿಯುವ ಮುಂಚೆ ಸೂಪಿನ ಬಟ್ಟಲು ಮೇಜಿನಿಂದ ಹಾರಿ ಗೋಡೆಗೆ ಬಡಿದಿತ್ತು.

"ನನ್ನ ಗಂಡನ ಕೈ ವಿಷ ಅಂತೀಯೇನೇ? ಐವತ್ತು ವರ್ಷ ಮರ ಮುಟ್ಟಿದ ಕೈ ಅದು! ನೀನು ನಿನ್ನೆ ಮೊನ್ನೆ ಬಂದೋಳು, ಯಾವನೋ ಕೋಟು ಹಾಕ್ಕೊಂಡೋನ ಮಾತು ಕೇಳ್ಕೊಂಡು ಸತ್ತೋರ ಮೇಲೆ ಕೆಸರು ಎರಚ್ತೀಯಾ? ಆ ಬೀರು ಹತ್ರ ಹೋದ್ರೆ ನೋಡು, ಅವತ್ತೇ ಈ ಮನೆ ಋಣ ತೀರ್ತು ಅಂದ್ಕೋ!"

ಹತ್ತು ತಿಂಗಳ ಮೇಲೆ ಆಲ್ಬಿನಾ ಮೆಟ್ಟಿಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಕೀಲಿಗೊಂಚಲು ಓಪಲ್ ಕೈಗೆ ಬಂತು. ನಾಲ್ಕು ದಿನ ಅವಳು ತನ್ನ ಜೊತೆ ತಾನೇ ಜಗಳವಾಡಿದಳು. ಐದನೆಯ ದಿನ ಮಧ್ಯಾಹ್ನ, ಮಿಲಾನ್ ಲಾರಿಯ ಜೊತೆ ಹೋದಾಗ, ಬೀರು ತೆರೆದಳು. ಮೇಲಿನ ಅರೆಗಳಲ್ಲಿ ಬಿಲ್ಲೆಗಳ ಅಂಚಿಗೆ ಬೂಷ್ಟಿನಂಥ ಬಿಳುಪು. ಕೆಳಗಿಳಿದಂತೆ ಮೂಗು ಮಾಸಿದ ಮುಖಗಳು. ಎಂಟನೆಯ ಅರೆಯಲ್ಲಿ, ಎಡದಿಂದ ಎರಡನೆಯದರಲ್ಲಿ ಹೆಂಗಸಿನ ಜಡೆಯೊಂದೇ ಗುರುತು ಸಿಗುತ್ತಿತ್ತು, ಮುಟ್ಟಿದರೆ ಅದೂ ಬೆರಳಿಗೆ ಹಿಟ್ಟಾಗಿ ಅಂಟಿತು. ಓಪಲ್ ನೆಲದ ಮೇಲೆ ಕುಸಿದು ಕೂತು ಅತ್ತಳು. ಆ ಮುಖ ಯಾರದ್ದೋ ಏನೋ, ನಾನೂರು ವರ್ಷ ಯುದ್ಧ ಬೆಂಕಿ ಎಲ್ಲ ದಾಟಿ ಬಂದು, ಇಷ್ಟು ಪ್ರೀತಿಯಿಂದ ಮಾಡಿದ ಪೆಟ್ಟಿಗೆಯಲ್ಲಿ ಸತ್ತಿತ್ತಲ್ಲ!

ಮ್ಯೂಸಿಯಮ್ಮಿನ ಮುದುಕ ಯಾರಿಗೂ ಹೇಳದೆ ಒಂದು ತಿಂಗಳು ಕೂತು ನಲವತ್ತೇಳನ್ನು ಉಳಿಸಿಕೊಟ್ಟ. ಓಪಲ್ ಅವನ್ನು ತಗಡಿನ ಪೆಟ್ಟಿಗೆಗಳಲ್ಲಿ ಇಟ್ಟು, 'ಹಳೆ ಕಂಬಳಿ' ಎಂದು ಚೀಟಿ ಅಂಟಿಸಿ ಮೇಲಿನ ಹಲಗೆಗೆ ಏರಿಸಿದಳು. ಅತ್ತೆ ಚೇತರಿಸಿಕೊಂಡ ಮೇಲೆ ಮೆಲ್ಲಗೆ ಹೇಳಬೇಕು ಎಂದುಕೊಂಡಿದ್ದಳು. ಅತ್ತೆ ಊರುಗೋಲು ಹಿಡಿದು ಮನೆಗೆ ಬಂದವಳು ಕೋಟು ಕೂಡ ಬಿಚ್ಚದೆ ಆ ಬೀರುವಿನ ಹತ್ತಿರ ಹೋಗಿ, ಅದರ ತಲೆ ಸವರಿ, "ಬಂದೆ ಕಣೋ ಲುಡ್ವಿಕ್," ಎಂದಳು. ಓಪಲ್ ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎನ್ನುವಷ್ಟರಲ್ಲಿ ಈ ದಿನ ಬಂದುಬಿಟ್ಟಿತು.

ಈಗ ಓಪಲ್ ಏಣಿ ಹತ್ತಿ ಒಂದೊಂದೇ ತಗಡಿನ ಪೆಟ್ಟಿಗೆ ಇಳಿಸಿ ಮೇಜಿನ ಮೇಲೆ ಸಾಲಾಗಿಟ್ಟಳು. ಕೊನೆಗೆ ಅಂಗೈಯಗಲದ ಒಂದು ಪುಟ್ಟ ಡಬ್ಬಿ. ಆಲ್ಬಿನಾಳ ಬಾಯಿ ನಿಂತಿರಲಿಲ್ಲ.

"ನಾನು ಹಾಸಿಗೆ ಹಿಡಿದಿದ್ದೇ ಸಾಕಾಯ್ತಲ್ಲ ನಿಂಗೆ! ಬೇಡ ಅಂದದ್ದನ್ನೇ ಮಾಡಿದೆ. ಮಾಡಿದ್ದೂ ನೆಟ್ಟಗೆ ಮಾಡ್ಲಿಲ್ಲ. ತಪ್ಪು ಕಾಗದ! ಥೂ! ನಮ್ಮೆಜಮಾನ್ರು ಬದುಕಿದ್ರೆ ಇವತ್ತೇ ಪ್ರಾಣ ಬಿಡ್ತಿದ್ರು. ಮಿಲಾನ್, ಇವಳ ಬಟ್ಟೆ ಕಟ್ಟೋ! ಇವತ್ತು ಸಾಯಂಕಾಲದ ಬಸ್ಸಿಗೆ ಇವಳು ಅವರ ಬೆಟ್ಟಕ್ಕೆ ಹೋಗ್ಬೇಕು!"

"ಅಮ್ಮ, ಸ್ವಲ್ಪ ತಡಿಯಮ್ಮ... ಓಪಲ್, ಏನಾದ್ರೂ ಮಾತಾಡೇ! ಯಾಕೆ ತೆಗೆದೆ ಅಂತ ಹೇಳು!"

ಓಪಲ್ ಗಂಡನ ಮುಖ ನೋಡಲಿಲ್ಲ. ಒಂದು ಮಾತು, ಒಂದೇ ಒಂದು ಮಾತು ಹೇಳಿದರೆ ಅವಳು ಪಾರಾಗುತ್ತಿದ್ದಳು. ಆದರೆ ಆ ಮಾತು ಹೇಳಬೇಕಾಗಿದ್ದದ್ದು ಪರಕೀಯಳೊಬ್ಬಳ ಎದುರಿಗೆ, ಸತ್ತ ಮಾವನ ಬಗ್ಗೆ, ಅವನ ನೆನಪೊಂದರಲ್ಲೇ ಬದುಕುತ್ತಿದ್ದ ಈ ಮುದುಕಿಗೆ ಕೇಳಿಸುವಂತೆ. "ಹೇಳಿದ್ನಲ್ಲ. ನನ್ನ ತಪ್ಪು," ಎಂದಳು.

ಶ್ರೀಮತಿ ವಿಟ್‌ಲಾಕ್ ಮೊದಲ ತಗಡಿನ ಪೆಟ್ಟಿಗೆಯ ಮುಚ್ಚಳ ತೆಗೆದಳು. ಬೈಯುತ್ತಲೇ ಆಲ್ಬಿನಾ ಅತ್ತ ಒಂದು ಸಲ ಕಣ್ಣು ಹಾಯಿಸಿದಳು. ಕಣ್ಣು ಅಲ್ಲೇ ನಿಂತಿತು.

ಬಿಳಿ ಫೋಮ್ ಹಾಸಿನಲ್ಲಿ ಆರು ಗುಳಿ. ಒಂದೊಂದು ಬಿಲ್ಲೆಗೆ ಒಂದೊಂದು, ಅದರದ್ದೇ ಅಳತೆಗೆ, ಕೂದಲೆಳೆಯಷ್ಟೂ ಹೆಚ್ಚು ಕಡಿಮೆಯಿಲ್ಲದೆ ಕೊರೆದದ್ದು. ಪ್ರತಿ ಗುಳಿಯ ಪಕ್ಕ ಬೆರಳು ತೂರಲು ಅರ್ಧ ಚಂದ್ರದಂಥ ಕಚ್ಚು. ಬಿಲ್ಲೆಯ ಅಡಿಯಿಂದ ತೆಳುಕಾಗದದ ಒಂದು ತುದಿ ಹೊರಗೆ ಬಂದಿತ್ತು. ಅದನ್ನು ಹಿಡಿದೆತ್ತಿದರೆ ಸೀಸಕ್ಕೆ ಕೈ ತಾಗುವ ಪ್ರಮೇಯವೇ ಇಲ್ಲ. ಪ್ರತಿಯೊಂದಕ್ಕೂ ಪೆನ್ಸಿಲ್ಲಿನಲ್ಲಿ ಬರೆದ ಚೀಟಿ: 'ಲುಡ್ವಿಕ್ ಅವರ ಮೂರನೇ ಅರೆ, ಬಲದಿಂದ ಒಂದು.' ಗಂಡ ಇಟ್ಟ ಕ್ರಮ ಒಂದೂ ಕದಲಿರಲಿಲ್ಲ.

ಐವತ್ತು ವರ್ಷ ಇದೇ ಕೆಲಸ ಮಾಡಿದ ಆಲ್ಬಿನಾಗೆ ಕಟ್ಟಿದ ಪೆಟ್ಟಿಗೆಯೆಂದರೆ ಕೈಬರಹವಿದ್ದಂತೆ. ಕಟ್ಟಿದವರ ಸೋಮಾರಿತನ, ಅವಸರ, ಸುಳ್ಳು ಎಲ್ಲ ಅದರಲ್ಲಿ ಕಾಣುತ್ತಿತ್ತು. ಇಲ್ಲಿ ಅಂಥದ್ದೇನೂ ಕಾಣಲಿಲ್ಲ. ಅವಳು ಮೂಗು ಮುಟ್ಟುವಷ್ಟು ಬಗ್ಗಿ ಎಂಟು ಪೆಟ್ಟಿಗೆಗಳನ್ನೂ ನೋಡಿದಳು. ಬೈಗುಳ ಯಾವಾಗಲೋ ನಿಂತುಹೋಗಿತ್ತು. ಆಮೇಲೆ ಪುಟ್ಟ ಡಬ್ಬಿ ತೆರೆದಳು. ಅದರಲ್ಲೂ ಅದೇ ದುಂಡು ಗುಳಿ, ಅದೇ ಕಚ್ಚು, ಅದೇ ತೆಳುಕಾಗದ. ಒಳಗೆ ಒಂದು ಚಮಚದಷ್ಟು ಬಿಳಿ ಪುಡಿ. ಚೀಟಿಯಲ್ಲಿ, 'ಎಂಟನೇ ಅರೆ, ಎಡದಿಂದ ಎರಡು. ಜಡೆಯ ಹೆಂಗಸು.'

ಪುಡಿಗೂ ಗುಳಿ ಕೊರೆದಿದ್ದಳು ಹುಡುಗಿ!

"ಯಾವ ಕಾಗದ ಸುತ್ತಿದ್ದೆ?" ಆಲ್ಬಿನಾಳ ದನಿ ಒಣಗಿತ್ತು.

"ಅದು... ಯಾವ್ದೋ ಹಳೇದು..."

"ನನ್ನ ಮುಖ ನೋಡಿ ಹೇಳು. ಹೀಗೆ ಕೊರೆಯೋ ಕೈ 'ಯಾವ್ದೋ' ಕಾಗದ ಮುಟ್ಟತ್ತೇನೆ? ಯಾವ ಕಾಗದಾನೂ ಸೀಸಾನ ಹೀಗೆ ಹಿಟ್ಟು ಮಾಡಲ್ಲ. ಹೇಳೇ!"

ಓಪಲ್ ತಲೆ ತಗ್ಗಿಸಿದಳು. ಕಣ್ಣೀರು ಟಪ್ ಟಪ್ ಎಂದು ಮೇಜಿನ ಮೇಲೆ ಬೀಳತೊಡಗಿದಾಗ, ಬಿಲ್ಲೆಗಳಿಗೆ ತಾಗೀತೆಂದು ಗಾಬರಿಯಿಂದ ಎರಡು ಹೆಜ್ಜೆ ಹಿಂದೆ ಸರಿದಳು. ಆ ಎರಡು ಹೆಜ್ಜೆಯನ್ನು ಮುದುಕಿ ನೋಡಿದಳು.

ಊರುಗೋಲನ್ನೂ ಹಿಡಿಯದೆ ಕುಂಟುತ್ತ ಅವಳು ಬೀರುವಿನ ಹತ್ತಿರ ಹೋದಳು. ಎಂಟನೆಯ ಅರೆಯನ್ನು ಪೂರ್ತಿ ಹೊರಗೆಳೆದು ಮುಖದ ಹತ್ತಿರ ತಂದಳು. ವಿನೆಗರಿನಂಥ ಹುಳಿ ವಾಸನೆ... ಈ ವಾಸನೆ ಅವಳಿಗೆ ಹೊಸದಲ್ಲ. ವರ್ಷ ವರ್ಷ ಎಣ್ಣೆ ತಿಕ್ಕುವಾಗ ಬೀಗದ ತೂತಿನಿಂದ ಬರುತ್ತಿದ್ದದ್ದು ಇದೇ. ಅದನ್ನು ಅವಳು ಗಂಡನ ಕೆಲಸದ ಅಂಗಿಯ ವಾಸನೆ ಎಂದುಕೊಂಡಿದ್ದಳು! ಕಣ್ಣು ಮುಚ್ಚಿ, ಆ ತೂತಿಗೆ ಮೂಗಿಟ್ಟು, ಎಷ್ಟು ಸಲ ಎದೆ ತುಂಬಿಕೊಂಡಿದ್ದಳು...

"ಅಮ್ಮ, ಬೇಡ," ಎಂದು ಓಪಲ್ ಓಡಿಬಂದಳು. "ಬೇಡಮ್ಮ, ಬಿಟ್ಬಿಡಿ. ನನ್ನ ತಪ್ಪು ಅಂತಾನೇ ಇರ್ಲಿ. ನಾನು ಹೋಗ್ತೀನಿ..."

"ಸುಮ್ನಿರೇ!" ಆಲ್ಬಿನಾ ಅರೆಯನ್ನು ಎದೆಗವಚಿಕೊಂಡು ಶ್ರೀಮತಿ ವಿಟ್‌ಲಾಕ್ ಕಡೆ ತಿರುಗಿದಳು. ಬೆನ್ನು ನೆಟ್ಟಗಾಯಿತು. "ಮೇಡಂ, ನಿಮ್ಮ ತಂದೆ ಆಸ್ತಿ ಹಾಳ್ಮಾಡಿದ್ದು ಈ ಹುಡುಗಿ ಅಲ್ಲ. ನನ್ನ ಗಂಡ ಆರಿಸಿದ ಮರ. ಓಕ್‌ಗಿಂತ ಒಳ್ಳೇದಿಲ್ಲ ಅಂತ ಪ್ರೀತಿಯಿಂದ ಆರಿಸಿದ್ದು. ಅದರ ಆವಿ ಸೀಸ ತಿನ್ನತ್ತೆ ಅಂತ ಅವರಿಗೆ ಗೊತ್ತಿರ್ಲಿಲ್ಲ. ಇವಳು ಬಂದು ಹೇಳಿದ್ಲು. ನಾನು ಬಟ್ಲು ಎಸೆದೆ. ಆ ಬಾಗಿಲಿಗೆ ಎಣ್ಣೆ ಹಚ್ಚಿ ಹಚ್ಚಿ ಇದ್ದೊಂದು ಉಸಿರೂ ಮುಚ್ಚಿದೋಳು ನಾನು. ನಲವತ್ತೇಳು ಉಳಿದಿದ್ರೆ ಅದು ಇವಳಿಂದ. ಒಂದು ಹೋಗಿದ್ರೆ ಅದು ನಮ್ಮಿಂದ... ಲುಡ್ವಿಕ್ ಕೊಶೀರ್‌ನಿಂದ ಮತ್ತೆ ಅವನ ಹೆಂಡ್ತಿಯಿಂದ."

ಅಪ್ಪನ ಹೆಸರು ಹಿಡಿದು ಅಮ್ಮ ಒಂದು ಕುಂದು ಹೇಳಿದ್ದನ್ನು ಮಿಲಾನ್ ಹುಟ್ಟಿದಂದಿನಿಂದ ಕೇಳಿರಲಿಲ್ಲ.

ಶ್ರೀಮತಿ ವಿಟ್‌ಲಾಕ್ ಪುಟ್ಟ ಡಬ್ಬಿಯನ್ನು ಕೈಗೆತ್ತಿಕೊಂಡಳು. "ಜಡೆಯ ಹೆಂಗಸು ಅಂದ್ರೆ ನಮ್ಮಪ್ಪನಿಗೆ ಪ್ರಾಣ," ಎಂದಳು. "ನಮ್ಮಮ್ಮನ ಥರಾನೇ ಇದ್ದಾಳೆ ಅಂತಿದ್ರು." ಕೈಯಾರೆ ಡಬ್ಬಿಯ ಮುಚ್ಚಳ ಹಾಕಿ ತನ್ನ ಚೀಲದೊಳಗೆ ಇಟ್ಟುಕೊಂಡಳು. "ಆಲ್ಬಿನಾ, ನಿಮ್ಮನ್ನ ನಾನು ದೂರಲ್ಲ. ಆದ್ರೆ ಪ್ರದರ್ಶನ ಮುಗಿದ ಮೇಲೆ ಇವನ್ನ ಮ್ಯೂಸಿಯಮ್ಮಿಗೇ ಕೊಟ್ಬಿಡ್ತೀನಿ. ಇನ್ನು ಇಲ್ಲಿ ಇಡಲ್ಲ. ಅಲ್ಲೀತನಕ ಇವಳು ಬಿಟ್ಟು ಬೇರೆ ಯಾರೂ ಇವನ್ನ ಮುಟ್ಟಬಾರ್ದು."

"ನ್ಯಾಯ," ಎಂದಳು ಆಲ್ಬಿನಾ. ಮೂವತ್ತು ವರ್ಷದ ಗಿರಾಕಿ ಬಾಗಿಲು ದಾಟಿ ಹೋಗುವುದನ್ನು ನಿಂತು ನೋಡಿದಳು.

ಆಮೇಲೆ ಕುರ್ಚಿಯ ಮೇಲೆ ಕುಸಿದಳು. ಎದೆಗವಚಿದ್ದ ಅರೆ ತೊಡೆಯ ಮೇಲಿಳಿಯಿತು. ಓಪಲ್ ಅವಳ ಕಾಲ ಬಳಿ ಕೂತು, ಕೈಯಲ್ಲಿದ್ದ ಗವಸನ್ನು ಒಂದೊಂದೇ ಬೆರಳಾಗಿ ಬಿಡಿಸಿದಳು.

"ನಾನು ಆಸ್ಪತ್ರೆಯಿಂದ ಬಂದ ದಿನಾನೇ ಹೇಳಬಾರ್ದಿತ್ತೇನೇ?"

"ನೀವು ಬೀರು ಹತ್ರ ಹೋಗಿ ಮಾವನ್ನ ಮಾತಾಡ್ಸಿದ್ರಲ್ಲ ಅಮ್ಮ... ಅದನ್ನ ನೋಡಿದ ಮೇಲೆ ಹೇಗೆ ಹೇಳ್ಲಿ?"

ಆಲ್ಬಿನಾ ಬಿಕ್ಕಿ ಬಿಕ್ಕಿ ಅತ್ತಳು. ಗಂಡನ ಹೆಣದ ಮುಂದೆಯೂ ಹಾಗೆ ಅತ್ತವಳಲ್ಲ. ಸೊಸೆಯ ಒರಟು ಬೆರಳುಗಳನ್ನು, ಕತ್ತಿಯ ಗಾಯದ ಗೆರೆಗಳಿದ್ದ ಬೆರಳುಗಳನ್ನು, ಹಿಡಿದು ಕಣ್ಣಿಗೊತ್ತಿಕೊಂಡಳು. "ಎಂಥ ಕೈಯೇ ನಿಂದು! ಒಂಬತ್ತು ವರ್ಷ ಪಕ್ಕದಲ್ಲೇ ಇತ್ತು, ನಾನು ಕುರುಡಿ ನೋಡ್ಲೇ ಇಲ್ಲ. ನನ್ನ ಕೈಗೆ ಯಾವತ್ತೂ ಇಷ್ಟು ಸಾಫಾಗಿ ಬಂದಿಲ್ಲ ಕಣೇ, ದೇವರಾಣೆ..."

"ನಿಮ್ಮ ಕೈ ನೋಡ್ಕೊಂಡೇ ಕಲಿತದ್ದಲ್ವೇನಮ್ಮ?"

ಮುದುಕಿ ಕಣ್ಣೊರೆಸಿಕೊಂಡು ಅರೆಯನ್ನು ಬೀರುವಿಗೆ ಸೇರಿಸಿ ನೂಕಿದಳು. ಅದು ಸದ್ದಿಲ್ಲದೆ ಒಳಗೆ ಹೋಯಿತು. ಗಂಡನ ಕೆಲಸ ಮಾತ್ರ ಅಪ್ಪಟ ಕೆಲಸ. "ಇದರಲ್ಲಿ ನನ್ನ ಉಣ್ಣೆ ಸ್ವೆಟರ್ ಇಟ್ರೆ ಏನಾದ್ರೂ ಆಗತ್ತೇನೇ?" ಎಂದು ಕೇಳಿದಳು. ಕಸುಬಿನ ವಿಷಯದಲ್ಲಿ ಅವಳು ಸೊಸೆಯನ್ನು ಒಂದು ಪ್ರಶ್ನೆ ಕೇಳಿದ್ದು ಅದೇ ಮೊದಲು.

"ಏನೂ ಆಗಲ್ಲ ಅಮ್ಮ."

"ಹಾಗಿದ್ರೆ ಮೇಲೆ ನನ್ನ ಕೋಣೆಗೆ ತಗೊಂಡ್ಹೋಗಿ. ಕೆಳಗಿನ ಜಾಗ ನಿನ್ನ ಕೆಲಸದ ಮೇಜಿಗೆ ಬೇಕು."

ಮಿಲಾನ್ ಒಂದು ಕಡೆ, ಓಪಲ್ ಒಂದು ಕಡೆ ಹಿಡಿದರು. ಈ ಕಸುಬಿನಲ್ಲಿ ಭಾರ ಎತ್ತುವಾಗ ಅಪ್ಪಣೆ ಕೊಡುವವರು ಒಬ್ಬರೇ ಇರಬೇಕು. ಎತ್ತು ಎಂದರೆ ಎತ್ತಬೇಕು, ನಿಲ್ಲು ಎಂದರೆ ಉಸಿರೂ ನಿಲ್ಲಿಸಬೇಕು. ಲುಡ್ವಿಕ್ ಸತ್ತಂದಿನಿಂದ ಆ ಮನೆಯಲ್ಲಿ ಆ ದನಿ ಆಲ್ಬಿನಾಳದ್ದು. ಮಿಲಾನ್ ಅಭ್ಯಾಸಬಲದಿಂದ ಅಮ್ಮನ ಕಡೆ ನೋಡಿದ.

"ನನ್ನನ್ಯಾಕೋ ನೋಡ್ತೀಯ?" ಎಂದಳು ಅವಳು. "ನಿನ್ನ ಹೆಂಡ್ತಿ ಹೇಳ್ತಾಳೆ."

ಓಪಲ್ ಒಂದು ಕ್ಷಣ ಅತ್ತೆಯ ಮುಖ ನೋಡಿದಳು. ಬೀರುವಿನ ಅಂಚನ್ನು ಗಟ್ಟಿಯಾಗಿ ಹಿಡಿದಳು. "ಎತ್ತು," ಎಂದಳು. ಬೀರು ನೆಲ ಬಿಟ್ಟಿತು. "ಎಡಕ್ಕೆ... ನಿಧಾನ... ಅಮ್ಮ, ದಾರಿ ಬಿಡಿ."

ಆಲ್ಬಿನಾ ತಟ್ಟನೆ ಪಕ್ಕಕ್ಕೆ ಸರಿದು, ಬಾಗಿಲನ್ನು ಬೆನ್ನಿಂದ ಒತ್ತಿ ಹಿಡಿದುಕೊಂಡು, ಅವರು ದಾಟುವತನಕ ಹಾಗೇ ನಿಂತಳು.